ಬೋಲ್ಟಿನ ಕೂಗು
ಫ್ಲೋರಿಡಾದಲ್ಲಿರುವ ನಮ್ಮ ಭಾವನಿಗೆ ನಿಧಿಯ ಹುಚ್ಚು. 1715ರ ಬಿರುಗಾಳಿಗೆ ಸ್ಪೇನಿನ ಹಡಗುಗಳು ಮುಳುಗಿದ ಕರಾವಳಿ ಅದು. ಈಗಲೂ ಒಮ್ಮೊಮ್ಮೆ ನಾಣ್ಯ ಸಿಗುತ್ತದೆ, ಇವರಿಗಲ್ಲ. ಮೆಟಲ್ ಡಿಟೆಕ್ಟರಿನ ಕೋಲಿನೊಳಗೆ ಉಪ್ಪು ಮರಳು ಹೊಕ್ಕು, ಉದ್ದ ಮಾಡಿದ್ದು ಗಿಡ್ಡವಾಗದೆ, ಕಾರಿನ ಕಿಟಕಿಯಿಂದ ಮೂಗು ಚಾಚುತ್ತಿತ್ತು. ಕಾರ್ಬನ್ ಫೈಬರ್ ಕೊಳವೆ ತಂದು ಹೊಸ ಕೋಲು ತಾವೇ ಮಾಡಿದರು. ಹಿಡಿಗೆ ಅಕ್ಕನ ಯೋಗದ ಚಾಪೆಯ ತುಂಡು (ಅಕ್ಕನಿಗಿನ್ನೂ ಗೊತ್ತಿಲ್ಲ). ತುದಿಯ ಪ್ಲಾಸ್ಟಿಕ್ ಬೋಲ್ಟ್ ಮುರಿದಾಗ ‘ಗಟ್ಟಿ ಇರ್ಲಿ’ ಅಂತ ಸ್ಟೀಲಿನದು ಬಿಗಿದರು. ದಡದಲ್ಲಿ ಎತ್ತ ಬೀಸಿದರೂ ಕುಂಯ್! ಹದಿನಾಲ್ಕು ಗುಂಡಿ ತೋಡಿ ಬೆನ್ನು ಹಿಡಿದುಕೊಂಡ ಮೇಲೆ ತಿಳಿಯಿತು, ಅದು ಅಲುಗುವ ತನ್ನ ಬೋಲ್ಟನ್ನೇ ಕಂಡು ಕೂಗುತ್ತಿದೆ ಎಂದು. ಆ ಕಡೆ ಹೊರಟವರಿದ್ದರೆ ನಾಲ್ಕು ನೈಲಾನ್ ಬೋಲ್ಟ್ ಒಯ್ದುಕೊಡಿ ಮಾರಾಯ್ರೆ.