ಅಲಾಸ್ಕಾಕ್ಕೆ ಮಾವನ ಶೆಡ್ಯೂಲು

ಅಮೆರಿಕದ ಪೂರ್ವ ಭಾಗದಲ್ಲಿರುವ ಕನ್ನಡಿಗರು ಊರಿಂದ ಬಂದ ಅಪ್ಪ-ಅಮ್ಮನಿಗೆ ನಯಾಗರ ತೋರಿಸಿ ಕೃತಾರ್ಥರಾಗುತ್ತಾರೆ. ಸಿಯಾಟಲ್ ಕಡೆಯ ನಮಗೆ ವಿಧಿ ಬರೆದಿರುವುದು ಅಲಾಸ್ಕಾ ಕ್ರೂಸ್. ಏಪ್ರಿಲ್ ಕೊನೆಯಿಂದ ಅಕ್ಟೋಬರ್‌ವರೆಗೆ ಇಲ್ಲಿಂದ ಹಡಗುಗಳು ಹೊರಡುತ್ತವೆ. ಆರು ತಿಂಗಳಿಗೆಂದು ಬರುವ ಹಿರಿಯರೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬಂದಿಳಿಯುತ್ತಾರೆ. ಮೇಲಿನ ಡೆಕ್ಕಿನಲ್ಲಿ ಸ್ವೆಟರ್ ಮೇಲೆ ಶಾಲು ಹೊದ್ದು, ತಲೆಗೆ ಮಂಕಿ ಕ್ಯಾಪ್ ಏರಿಸಿದವರು ಕಂಡರೆ ಹಿಂದೆಮುಂದೆ ನೋಡದೆ "ಯಾವೂರಾಯ್ತು?" ಅಂತ ಕೇಳಬಹುದು.

ನಮ್ಮ ತಂಡದಲ್ಲಿ ಮಾವ, ಅತ್ತೆ, ಇವರು, ನಾನು ಮತ್ತು ಎರಡು ವರ್ಷದ ಪುಟ್ಟ. ಮಾವ ವ್ಹೀಲ್‌ಚೇರ್‌ನಲ್ಲಿ ಓಡಾಡುವವರು. ಬೆನ್ನುಹುರಿಯ ತೊಂದರೆ. ಕಂಬಿ ಹಿಡಿದರೆ ಎರಡು ಹೆಜ್ಜೆ ಇಡುತ್ತಾರೆ, ಮೂರನೆಯದು ದೈವೇಚ್ಛೆ. "ಅಯ್ಯೋ ಪಾಪ" ಅನ್ನಲು ಬಾಯಿ ತೆರೆಯುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಅವರು ಕೆಎಸ್‌ಆರ್‌ಟಿಸಿಯಲ್ಲಿ ಟ್ರಾಫಿಕ್ ಕಂಟ್ರೋಲರ್ ಆಗಿ ಸಕಲೇಶಪುರದಲ್ಲಿ ರಿಟೈರ್ ಆದವರು. ಶಿರಾಡಿ ಘಾಟಿ ಕುಸಿದ ರಾತ್ರಿಗಳಲ್ಲಿ ಬಸ್ಸುಗಳನ್ನು ಚಾರ್ಮಾಡಿ ಕಡೆಗೆ ತಿರುಗಿಸಿ ಕಳಿಸಿದವರು. ಅಂಥವರ ಮುಂದೆ ನಮ್ಮ ಮನೆಯವರು ಒಂದು ಎಕ್ಸೆಲ್ ಶೀಟು ಬಿಚ್ಚಿದರು.

ಬೆಳಗ್ಗೆ ಹಿಮನದಿ, ಹತ್ತೂವರೆಗೆ ತಿಮಿಂಗಿಲ, ಒಂದಕ್ಕೆ ರೋಪ್‌ವೇ, ಮೂರಕ್ಕೆ ಮ್ಯೂಸಿಯಂ, ಮಧ್ಯೆ ಹಸಿರು ಬಣ್ಣದ ಕಾಲು ಗಂಟೆಯ ಚೌಕದಲ್ಲಿ 'ಪುಟ್ಟ ನಿದ್ದೆ'. ಮಾವ ಕನ್ನಡಕ ಏರಿಸಿಕೊಂಡು ಕೊನೆಯ ಸಾಲಿನವರೆಗೆ ಓದಿದರು.

"ಯಾರದಪ್ಪಾ ಈ ಶೆಡ್ಯೂಲು?"

"ನಮ್ಮದೇ ಅಪ್ಪಾ."

"ಕ್ರೂಗೆ ರೆಸ್ಟ್ ಎಲ್ಲಿದೆ ಇದರಲ್ಲಿ?"

ಅಲ್ಲಿಗೆ ಎಕ್ಸೆಲ್ ಮುಗಿಯಿತು. ಒಂದು ಊರಿಗೆ ಒಂದೇ ಸ್ಟಾಪು ಎಂದು ಆದೇಶವಾಯಿತು. ಹಡಗು ದೂರದಲ್ಲಿ ಲಂಗರು ಹಾಕಿ, ಚಿಕ್ಕ ದೋಣಿಯಲ್ಲಿ ದಡಕ್ಕೆ ಸಾಗಿಸುವ ಊರಿದ್ದರೆ ಆ ರೂಟೇ ಬೇಡ. ಅಲೆ ಜೋರಾದರೆ ವ್ಹೀಲ್‌ಚೇರಿನವರನ್ನು ದೋಣಿಗೆ ಹತ್ತಿಸುವುದಿಲ್ಲ. ಹಾಗಾಗಿ ಎಲ್ಲ ಕಡೆ ನೇರವಾಗಿ ಕಟ್ಟೆಗೆ ಬಂದು ನಿಲ್ಲುವ ಹಡಗನ್ನೇ ಹುಡುಕಿದೆವು.

ನನಗೆ ವಹಿಸಿದ ಕೆಲಸ ಫೋನು. ಪ್ರವಾಸದ ಪುಸ್ತಕದಲ್ಲಿ ಪ್ರತಿ ಟ್ರಿಪ್ಪಿನ ಪಕ್ಕ ಒಂದು ಪುಟ್ಟ ಮನುಷ್ಯನ ಚಿತ್ರ ಇರುತ್ತದೆ. ಒಬ್ಬ ಮನುಷ್ಯನಿದ್ದರೆ ಸುಲಭ, ಇಬ್ಬರಿದ್ದರೆ ಮಧ್ಯಮ, ಮೂವರಿದ್ದರೆ ಕಷ್ಟ. ಮಾವ ಆ ಒಬ್ಬನನ್ನೇ ದಿಟ್ಟಿಸಿ, "ಇವನು ನಡೀತಿದ್ದಾನಲ್ಲಮ್ಮಾ. ಇವನಿಂದ ನನಗೇನು ಉಪಯೋಗ?" ಅಂದರು. ಕೇಳಬೇಕಾದ ಪ್ರಶ್ನೆಗಳನ್ನು ಅವರೇ ಬರೆಸಿದರು: ಮೆಟ್ಟಿಲೆಷ್ಟು, ಏರು ಎಷ್ಟು, ಟಾಯ್ಲೆಟ್ ಎಲ್ಲಿ, ವಾಪಸ್ ಬರುವ ಕೊನೇ ಬಸ್ಸು ಎಷ್ಟು ಗಂಟೆಗೆ. ಏನು ನೋಡುವುದಿದೆ ಎಂಬ ಪ್ರಶ್ನೆ ಪಟ್ಟಿಯಲ್ಲೇ ಇರಲಿಲ್ಲ. ವ್ಹೀಲ್‌ಚೇರಿಗೆ ಅನುಕೂಲ ಇದೆಯಾ ಅಂತ ಕೇಳಿದರೆ ಎಲ್ಲರೂ "ಓ, ಧಾರಾಳವಾಗಿ!" ಅನ್ನುವವರೇ. ಮೆಟ್ಟಿಲೆಷ್ಟು ಅಂದಾಗ ಮಾತ್ರ ದನಿ ಇಳಿಯುತ್ತಿತ್ತು. "ಮೂರೇ ಮೂರು." ಆ 'ಮೂರೇ' ಅನ್ನುವವರನ್ನೆಲ್ಲ ಒಂದು ದಿನ ನಾಲ್ಕು ಚಕ್ರದ ಮೇಲೆ ಕೂರಿಸಿ ಆ ಮೂರರ ಮುಂದೆ ಬಿಟ್ಟುಬರಬೇಕು ಅನ್ನಿಸಿದ್ದುಂಟು. ಲಿಫ್ಟ್ ಇರುವ ಬಸ್ಸುಗಳಿವೆ, ಆದರೆ ಸಂಖ್ಯೆ ಕಮ್ಮಿ. ತಿಂಗಳುಗಟ್ಟಲೆ ಮುಂಚೆ ಹೇಳಿಡಬೇಕು. ಟ್ಯಾಕ್ಸಿ ಅಂದರೆ ಪುಟ್ಟನ ಕಾರ್ ಸೀಟನ್ನು ನಾವೇ ಹೊರಬೇಕು.

ಕೋಣೆಯ ವಿಷಯದಲ್ಲಿ ಟೇಪು ಹಿಡಿದವರು ಅತ್ತೆ. ಮಾವನ ಗಾಡಿ ಚಕ್ರದಿಂದ ಚಕ್ರಕ್ಕೆ 25 ಇಂಚು. ಎಷ್ಟೋ ಹಡಗುಗಳಲ್ಲಿ ಸಾಮಾನ್ಯ ಕೋಣೆಯ ಬಾಗಿಲು ಅಷ್ಟೂ ಅಗಲ ಇರುವುದಿಲ್ಲ. 32 ಇಂಚಿನ ಬಾಗಿಲು, ಹೊಸ್ತಿಲಿಲ್ಲದ ಬಚ್ಚಲು, ಹಿಡಿಕೆಗಳು ಇರುವ ಕೋಣೆಗಳು ಬೇರೆಯೇ ಇವೆ, ಬೇಗ ತುಂಬಿಹೋಗುತ್ತವೆ. ಅಂಗವಿಕಲರಿಗಾಗಿ ಅಮೆರಿಕ 1990ರಲ್ಲಿ ಮಾಡಿದ ಕಾನೂನು ವಿದೇಶಿ ಬಾವುಟದ ಹಡಗುಗಳಿಗೆ ಅನ್ವಯಿಸುತ್ತದೋ ಇಲ್ಲವೋ ಎಂಬ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಅಮೆರಿಕದ ನೀರಿನಲ್ಲಿರುವಾಗ ಬಹುಮಟ್ಟಿಗೆ ಅನ್ವಯಿಸುತ್ತದೆ ಎಂದು 2005ರಲ್ಲಿ ತೀರ್ಪಾಯಿತು. ಅತ್ತೆ ಆ ಕೇಸು ಹಾಕಿದವರಿಗೆಲ್ಲ ಹಡಗಿನಲ್ಲೇ ಒಂದು ನಮಸ್ಕಾರ ಹಾಕಿದರು.

ಹಡಗಿನ ಊಟದ ಬಗ್ಗೆ ಬರೆಯುವುದಿಲ್ಲ. ಚಟ್ನಿಪುಡಿ ನಮ್ಮಲ್ಲೂ ಇತ್ತು ಅಂತ ಮಾತ್ರ ದಾಖಲಾಗಲಿ.

ಜೂನೋ ಅಲಾಸ್ಕಾದ ರಾಜಧಾನಿ. ಆದರೆ ಹೊರಗಿನಿಂದ ಆ ಊರಿಗೆ ರಸ್ತೆಯೇ ಇಲ್ಲ. ಬಂದರೆ ನೀರಿನ ಮೇಲೆ ಬರಬೇಕು, ಇಲ್ಲವೇ ಗಾಳಿಯಲ್ಲಿ. ಇದನ್ನು ಕೇಳಿದಾಗಿನಿಂದ ಮಾವನಿಗೆ ಸಮಾಧಾನವಿಲ್ಲ. ಇಳಿಯುವುದೇ ಒಂದು ಅಧ್ಯಾಯ. ಇಲ್ಲಿ ಸಮುದ್ರದ ಉಬ್ಬರ ಇಳಿತದ ನಡುವೆ ಕೆಲವು ದಿನ 20 ಅಡಿ ಅಂತರ ಇರುತ್ತದೆ. ತೇಲುಕಟ್ಟೆ ಹಡಗಿನ ಜೊತೆ ಏರಿಳಿಯುತ್ತದೆ, ಊರು ಮಾತ್ರ ಇದ್ದಲ್ಲೇ ಇರುತ್ತದೆ. ಇಳಿತದ ಹೊತ್ತಿನಲ್ಲಿ ಕಟ್ಟೆಯಿಂದ ಊರಿಗೆ ಹತ್ತುವ ಸೇತುವೆ ಎದೆಯುಬ್ಬಿಸಿ ನಿಂತಿರುತ್ತದೆ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು ಎಂಬ ರ‍್ಯಾಂಪಿನ ಲೆಕ್ಕವನ್ನು ಮಾವ ಹಾಸನದ ಮನೆ ಕಟ್ಟುವಾಗ ಮೇಸ್ತ್ರಿಯ ಜೊತೆ ವಾದ ಮಾಡಿ ಗೆದ್ದವರು. ನಮ್ಮವರು ಉಬ್ಬರವಿಳಿತದ ವೇಳಾಪಟ್ಟಿ ಫೋನಿನಲ್ಲಿ ತೋರಿಸಿ, "ಹತ್ತು ಗಂಟೆಗೆ ಇಳಿದರೆ ಸಮಾ ಇರುತ್ತೆ ಅಪ್ಪಾ" ಅಂದರು. ಮಗ ಕೊನೆಗೂ ಒಂದು ಕೆಲಸಕ್ಕೆ ಬರುವ ಟೈಮ್‌ಟೇಬಲ್ ತಂದನಲ್ಲ ಎಂಬ ಸಂತೋಷ ಮಾವನ ಮುಖದಲ್ಲಿ ಕಾಣಿಸಿತು.

ಬಸ್ಸು ಬಂತು. ಡ್ರೈವರಮ್ಮ ಒಂದು ಗುಂಡಿ ಒತ್ತಿ ಲಿಫ್ಟ್ ಇಳಿಸಿದರು. ಮಾವ ಹತ್ತಲಿಲ್ಲ. ಮೊದಲು ಲಿಫ್ಟು ಎಷ್ಟು ಭಾರ ತಡೆಯುತ್ತದೆ ಎಂದು ವಿಚಾರಿಸಿದರು. "600 ಪೌಂಡ್." ಅಂದರೆ 270 ಕಿಲೋ ಮೇಲೆ. "ನಾನು, ಗಾಡಿ, ಪುಟ್ಟ, ನಿಮ್ಮತ್ತೆ ಚೀಲ, ಎಲ್ಲಾ ಸೇರಿಸಿದ್ರೂ ಮಿಗುತ್ತೆ" ಎಂದು ಲೆಕ್ಕ ಹಾಕಿ ಹತ್ತಿದರು. ಮೇಲೆ ಹೋದಮೇಲೆ ಮುಖ್ಯ ಪ್ರಶ್ನೆ: ರಸ್ತೆ ಇಲ್ಲದ ಊರಿಗೆ ಇಷ್ಟು ದೊಡ್ಡ ಬಸ್ಸು ಹೇಗೆ ಬಂತು? ದೋಣಿಯಲ್ಲಿ, ಬಾರ್ಜಿನ ಮೇಲೆ ಹೇರಿಕೊಂಡು ತರುತ್ತಾರೆ ಎಂದು ಆಕೆ ಹೇಳಿದರು. ಮುಂದಿನ 12 ಮೈಲಿ ಆ ಇಬ್ಬರ ಮಾತು ಬ್ರೇಕು, ಗೇರು, ಟೈರಿನ ಮೇಲೇ ಹೋಯಿತು. ಕಿಟಕಿಯಾಚೆ ಒಂದು ಬೋಳುತಲೆ ಹದ್ದು ಬಂದು ಹೋಯಿತೆಂದು ನಾನು ಹೇಳಿದ್ದು ಯಾರಿಗೂ ಕೇಳಿಸಲಿಲ್ಲ.

ಮೆಂಡೆನ್‌ಹಾಲ್ ಹಿಮನದಿಯ ಮುಂದೆ ಗಾಡಿ ತಳ್ಳಲು ಟಾರು ಹಾಕಿದ ದಾರಿಯಿದೆ. ಸಂದರ್ಶಕರ ಕಟ್ಟಡ ತೆರೆದದ್ದು 1962ರಲ್ಲಿ. ಆಗ ಹಿಮ ಈಗಿನದಕ್ಕಿಂತ ಬಹಳ ಹತ್ತಿರವಿತ್ತಂತೆ. ಈಗ ಸರೋವರದ ಆಚೆ ಹಿಂದಕ್ಕೆ ಸರಿದುಕೊಂಡಿದೆ. ಮಾವ ಬ್ರೇಕು ಹಾಕಿ ಕೂತರು. ಅರ್ಧ ಗಂಟೆ ಅಲ್ಲಾಡಲಿಲ್ಲ. ಪುಟ್ಟನಿಗೆ ಹಿಮನದಿ ಬೇಕಿರಲಿಲ್ಲ, ಅದರ ಮುಂದೆ ಬಿದ್ದಿರುವ ಜಲ್ಲಿಕಲ್ಲು ಬೇಕಿತ್ತು. ಒಂದೊಂದಾಗಿ ಹೆಕ್ಕಿ ತಾತನ ಜೇಬಿಗೆ ತುಂಬುವ ಕೆಲಸ ನಡೆಯಿತು. ಇಂಥ ಪ್ರವಾಸದ ನಿಜವಾದ ತೊಡಕು ಇದೇ. ಕಾಗದದ ಮೇಲೆ ಇಬ್ಬರಿಗೂ ಬೇಕಾದದ್ದು ಒಂದೇ: ರ‍್ಯಾಂಪು, ಲಿಫ್ಟು, ದೊಡ್ಡ ಟಾಯ್ಲೆಟ್ಟು. ಆದರೆ ಒಬ್ಬರಿಗೆ ಒಂದೇ ಕಡೆ ಕೂತು ನೋಡಬೇಕು, ಇನ್ನೊಬ್ಬನಿಗೆ ಒಂದು ಕಡೆಯೂ ಕೂರಬಾರದು. ಮಧ್ಯೆ ಓಡಾಡಿ ಸೊರಗಿದವರು ನಾವು.

ದೊಡ್ಡ ಟಾಯ್ಲೆಟ್ಟು ಅಂದೆನಲ್ಲ, ಅದೂ ಇರುವುದು ಒಂದೇ. ವ್ಹೀಲ್‌ಚೇರ್ ತಿರುಗುವಷ್ಟು ಜಾಗವೂ ಅಲ್ಲೇ, ಡೈಪರ್ ಬದಲಿಸುವ ಹಲಗೆಯೂ ಅದೇ ಗೋಡೆಗೆ. ತಾತ ಮೊಮ್ಮಗ ಇಬ್ಬರಿಗೂ ಒಟ್ಟಿಗೇ ಅವಸರ ಬಂದರೆ? ಬಂತು. ಮಾವ ಹಳೇ ಅಧಿಕಾರದಿಂದ ತೀರ್ಮಾನ ಕೊಟ್ಟರು: "ಎಕ್ಸ್‌ಪ್ರೆಸ್ ಮೊದಲು ಹೋಗಲಿ, ಆರ್ಡಿನರಿ ಕಾಯುತ್ತೆ."

ಸ್ಟ್ರೋಲರ್ ತಂದದ್ದು ದಂಡ ಅನ್ನಲಾರೆ, ಅದರಲ್ಲಿ ಚೀಲಗಳು ಸುಖವಾಗಿ ಅಲಾಸ್ಕಾ ನೋಡಿದವು. ಪುಟ್ಟ ಕೂರುತ್ತಿದ್ದದ್ದು ತಾತನ ತೊಡೆಯ ಮೇಲೆ. ಇಳಿಜಾರಿನಲ್ಲಿ ಮಾತ್ರ ಅವನನ್ನು ಎತ್ತಿಕೊಳ್ಳಬೇಕು ಎಂಬುದು ನಿಯಮ, ಏಕೆಂದರೆ ಅವನು ಬ್ರೇಕಿನ ಹಿಡಿ ಎಲ್ಲಿದೆ ಅಂತ ಕಂಡುಹಿಡಿದುಬಿಟ್ಟಿದ್ದ.

ಸ್ಕ್ಯಾಗ್‌ವೇ ಊರು ಸಮತಟ್ಟು, ಬಸ್ಸುಗಳಲ್ಲಿ ಲಿಫ್ಟಿದೆ, ಆ ಮಟ್ಟಿಗೆ ನಿರಾಳ. ಅಲ್ಲಿನ ಆಕರ್ಷಣೆ ವೈಟ್ ಪಾಸ್ ರೈಲು. ಚಿನ್ನದ ಹುಚ್ಚು ಹತ್ತಿದ ಕಾಲದಲ್ಲಿ, 1898ರಿಂದ 1900ರೊಳಗೆ ಹಾಕಿದ ಮೂರಡಿ ಅಗಲದ ಹಳಿ. 20 ಮೈಲಿಯಲ್ಲಿ ಸಮುದ್ರಮಟ್ಟದಿಂದ 2,865 ಅಡಿ ಏರುತ್ತದೆ. ಮೊದಲೇ ತಿಳಿಸಿದ್ದರೆ ವ್ಹೀಲ್‌ಚೇರನ್ನು ಲಿಫ್ಟಿನಲ್ಲಿ ಬೋಗಿಗೆ ಏರಿಸುತ್ತಾರೆ. ಒಂದೇ ಅಡಚಣೆ ಎಂದರೆ ಮಾವ ಬಸ್ಸಿನವರು. ರೈಲ್ವೆಯವರನ್ನು ಹೊಗಳುವುದು ಅವರ ಸರ್ವಿಸ್ ರೂಲಿನಲ್ಲೇ ಇಲ್ಲ. ಪ್ರಪಾತದ ಅಂಚಿನಲ್ಲಿ ರೈಲು ಬಳುಕುವಾಗ ಬೋಗಿಯವರೆಲ್ಲ "ಓಹ್" ಅಂದರೆ ಇವರು, "ಹಳಿ ಇದೆ, ತಪ್ಪಿಸ್ಕೊಂಡು ಎಲ್ಲಿಗೆ ಹೋಗ್ತಾನೆ? ಘಾಟಿನಲ್ಲಿ ಎದುರಿಗೆ ಟ್ಯಾಂಕರ್ ಬಂದಾಗ ರಿವರ್ಸ್ ಹಾಕಲಿ, ನೋಡೋಣ" ಅಂದರು. ನಾನು ಬಿಡಲಿಲ್ಲ. ನಮ್ಮ ಸಕಲೇಶಪುರ-ಸುಬ್ರಹ್ಮಣ್ಯ ಘಾಟಿನ ರೈಲು 50 ಅಡಿಗೆ ಒಂದಡಿ ಏರಿದರೆ, ಇದು ಕಡಿದಾದ ಕಡೆ ಹೆಚ್ಚುಕಡಿಮೆ 26 ಅಡಿಗೇ ಒಂದಡಿ ಏರುತ್ತದೆ ಎಂದೆ. ಮಾವ ಒಂದು ಸುರಂಗ ಕಳೆಯುವವರೆಗೂ ಸುಮ್ಮನಿದ್ದರು. "ಇಂಜಿನ್ ಪರವಾಗಿಲ್ಲ" ಅಂದರು. ಪುಟ್ಟ ರೈಲು ಹೊರಟ ಕ್ಷಣಕ್ಕೆ ಮಲಗಿ, ವಾಪಸ್ ಬಂದು ನಿಂತ ಕ್ಷಣಕ್ಕೆ ಎದ್ದು, "ರೈಲು ಎಲ್ಲಿ?" ಎಂದು ಅತ್ತ.

ಗ್ಲೇಸಿಯರ್ ಬೇಯಲ್ಲಿ ಊರಿಲ್ಲ, ಇಳಿಯುವುದಿಲ್ಲ. ಪಾರ್ಕಿನ ರೇಂಜರುಗಳೇ ಹಡಗಿಗೆ ಹತ್ತಿ ಬಂದು ಎಲ್ಲ ವಿವರಿಸುತ್ತಾರೆ. ಮೆಟ್ಟಿಲು ಸೊನ್ನೆ, ಟಾಯ್ಲೆಟ್ಟು ಪಕ್ಕದಲ್ಲಿ, ಬಿಸಿ ಚಹ ಕೈಯಲ್ಲಿ, ಎದುರಿಗೆ ಮಾರ್ಜರಿ ಹಿಮನದಿ. "ಸ್ಟಾಪ್ ಅಂದ್ರೆ ಹೀಗಿರಬೇಕು" ಅಂದರು ಮಾವ.

ಕೆಚಿಕನ್ ಎಂದರೆ ಮಳೆ. ವರ್ಷಕ್ಕೆ ಸುಮಾರು 150 ಇಂಚು ಬೀಳುತ್ತದೆ ಎಂದು ಹಡಗಿನವರು ಹೆದರಿಸಿ ಪ್ಲಾಸ್ಟಿಕ್ ಕೋಟು ಹಂಚುತ್ತಾರೆ. ಆಗುಂಬೆಯ ಅರ್ಧ. ಮಲೆನಾಡಿನ ಮಳೆಯಲ್ಲಿ ಸರ್ವಿಸ್ ಮುಗಿಸಿದವರಿಗೆ ಇದು ಯಾವ ಲೆಕ್ಕ? ಮಾವ ಕೈ ಚಾಚಿ ಎರಡು ಹನಿ ಹಿಡಿದು, "ಮುಖ ತೊಳೆಯೋಕೂ ಸಾಲದು" ಅಂದರು. ಕ್ರೀಕ್ ಸ್ಟ್ರೀಟ್ ಎಂಬುದು ಹೊಳೆಯ ಮೇಲೆ ಮರದ ಕಂಬ ನೆಟ್ಟು ಕಟ್ಟಿದ ಬೀದಿ. ಹಲಗೆಗಳ ಸಂದಿಗೆ ಗಾಡಿಯ ಮುಂದಿನ ಪುಟ್ಟ ಚಕ್ರ ಸಿಕ್ಕಿಕೊಳ್ಳುತ್ತದೆ. ಮುಂಭಾಗ ಸ್ವಲ್ಪ ಎತ್ತಿ, ಹಿಂದಿನ ಚಕ್ರದ ಮೇಲೆ ಓರೆಯಾಗಿ ದಾಟಿಸಬೇಕು. ಬಣ್ಣಬಣ್ಣದ ಮನೆಗಳು ನೋಡಲು ಚೆಂದ. ಅತ್ತೆ ಒಂದು ಹಸಿರು ಮನೆ ಮೆಚ್ಚಿ, "ಇಲ್ಲಿ ಮೊದಲು ಯಾರಿದ್ದರಂತೆ?" ಎಂದು ಮಗನನ್ನು ಕೇಳಿದರು. ಮಗ ಬೋರ್ಡು ಓದಿ, ಕಿವಿ ಕೆಂಪಗೆ ಮಾಡಿಕೊಂಡು ಮೀನು ನೋಡಲು ಹೋದರು. 1950ರ ದಶಕದವರೆಗೆ ಅದು ಊರಿನ ಸೂಳೆಗೇರಿ ಎಂದು ಹೇಳುವ ಭಾಗ್ಯ ಸೊಸೆಗೆ ಬಂತು. ಅತ್ತೆ ಒಂದು ನಿಮಿಷ ಯೋಚಿಸಿ, "ಆದ್ರೂ ಮೆಟ್ಟಿಲಿಗೆ ಕಂಬಿ ಹಾಕಿಸಿದ್ದಾರೆ" ಅಂದರು.

ಹೊಳೆಯಲ್ಲಿ ಸಾಲ್ಮನ್ ಮೀನುಗಳು ಪ್ರವಾಹಕ್ಕೆದುರಾಗಿ ಹತ್ತುತ್ತಿದ್ದವು. ಸೇತುವೆಯ ಕಟಕಟೆಯ ಸಂದಿಯ ಎತ್ತರ ಗಾಡಿಯಲ್ಲಿ ಕೂತ ಮಾವನ ಕಣ್ಣಿಗೂ ನಿಂತ ಪುಟ್ಟನ ಕಣ್ಣಿಗೂ ಸರಿಯಾಗಿತ್ತು. ಅಲ್ಲಿ ಮೊದಲ ಸಲ ಇಬ್ಬರಿಗೂ ಒಂದೇ ಕಡೆ ಇರಬೇಕೆನ್ನಿಸಿತು. ಪ್ರತಿ ಮೀನು ಜಿಗಿದಾಗಲೂ ಪುಟ್ಟ "ಬಿತ್ತು" ಎಂದು ಕೂಗಿದ, ಮಾವ "ಮತ್ತೆ ಹತ್ತುತ್ತೆ, ಇರು" ಅಂದರು. ನಾವು ಮೂವರೂ ಕಾಫಿ ಕುಡಿದೆವು. ಬಿಸಿಯಾಗಿಯೇ!

ಕೊನೆಯ ಸ್ಟಾಪು ಕೆನಡಾದ ವಿಕ್ಟೋರಿಯಾ. ಹಡಗು ಅಲ್ಲಿಗೆ ಹೋಗುವುದಕ್ಕೆ ಕಾರಣ 1886ರ ಒಂದು ಕಾನೂನು. ವಿದೇಶಿ ಬಾವುಟದ ಹಡಗು ಅಮೆರಿಕದಿಂದ ಜನ ಹತ್ತಿಸಿಕೊಂಡು ಅಮೆರಿಕದಲ್ಲೇ ಸುತ್ತಾಡಿಸಿ ಇಳಿಸುವಂತಿಲ್ಲ, ಮಧ್ಯೆ ಪರದೇಶದ ಒಂದು ಬಂದರನ್ನಾದರೂ ಮುಟ್ಟಬೇಕು. ಆ ಕಾನೂನು ಬರುವಾಗ ಮೈಸೂರಿನಲ್ಲಿ ಹತ್ತನೇ ಚಾಮರಾಜ ಒಡೆಯರ ಕಾಲ. ಅದರ ಬಿಸಿ ತಟ್ಟಿದ್ದು ಇಂಡಿಯಾದ ಪಾಸ್‌ಪೋರ್ಟ್ ಹಿಡಿದ ಮಾವನಿಗೆ ಮತ್ತು ಅತ್ತೆಗೆ: ನಾಲ್ಕೇ ಗಂಟೆ ನಿಲ್ಲುವ ಸ್ಟಾಪಿಗೆ ಕೆನಡಾ ವೀಸಾ, ಅರ್ಜಿ, ಶುಲ್ಕ, ಹತ್ತೂ ಬೆರಳಿನ ಅಚ್ಚು.

ಹಡಗು ಮುಟ್ಟಿದ್ದು ರಾತ್ರಿ ಎಂಟಕ್ಕೆ. ಸುಣ್ಣದಕಲ್ಲಿನ ಗಣಿಯನ್ನೇ ತೋಟ ಮಾಡಿದ ಪ್ರಸಿದ್ಧ ಬುಚಾರ್ಟ್ ಗಾರ್ಡನ್ಸ್ ಅಲ್ಲಿಂದ 20 ಕಿಲೋಮೀಟರಿಗೂ ದೂರ. ಪುಟ್ಟ ಕಣ್ಣುಜ್ಜುತ್ತಿದ್ದ. ಬೇಡ, ಕೋಣೆಯಲ್ಲೇ ಇರೋಣ ಎಂದರು ಅತ್ತೆ.

"ದುಡ್ಡು ಕೊಟ್ಟು ಟಿಕೆಟ್ ತಗೊಂಡಿದ್ದೀವಿ. ಸ್ಟಾಪ್ ಬಂದಾಗ ಇಳೀಬೇಕು" ಅಂದರು ಮಾವ.

ಇಳಿದೆವು. ಕಟ್ಟೆಯ ಮೇಲೆ ಚಕ್ರ ಊರಿ ಮಾವ ಪಾಸ್‌ಪೋರ್ಟನ್ನು ವೀಸಾದ ಪುಟಕ್ಕೇ ತೆರೆದು ಹಿಡಿದುಕೊಂಡರು. ಯಾರೂ ಕೇಳಲಿಲ್ಲ. ಗೇಟು ದಾಟಿದೆವು, ಆಗಲೂ ಕೇಳಲಿಲ್ಲ. ಮಾವ ಗಾಡಿ ತಿರುಗಿಸಲು ಹೇಳಿ, ಗೇಟಿನಲ್ಲಿ ನಿಂತಿದ್ದ ತರುಣನ ಬಳಿಗೆ ಹೋಗಿ ಪಾಸ್‌ಪೋರ್ಟ್ ಮುಂದಿಟ್ಟರು. "ಒಂದು ಸಲ ನೋಡಿಬಿಡಿ" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಆತ ನೋಡುವುದು ತನ್ನ ಕೆಲಸವಲ್ಲ ಅಂದ. ಪರವಾಗಿಲ್ಲ, ನೋಡಿ ಅಂದರು. ಆತ ಟಾರ್ಚು ಹಾಕಿ ಫೋಟೋ ನೋಡಿದ, ಮಾವನ ಮುಖ ನೋಡಿದ, ಅತ್ತೆಯದನ್ನೂ ತರಿಸಿಕೊಂಡು ನೋಡಿದ.

"ವೆಲ್‌ಕಮ್ ಟು ಕೆನಡಾ, ಸರ್."

"ಥ್ಯಾಂಕ್ಯೂ" ಎಂದು ಪಾಸ್‌ಪೋರ್ಟ್ ಜೇಬಿಗಿಟ್ಟು ಮಾವ ನಮ್ಮ ಕಡೆ ತಿರುಗಿದರು. "ಆಯ್ತು. ಹುಡುಗನಿಗೆ ನಿದ್ದೆ ಬಂದಿದೆ, ಹಡಗಿಗೆ ನಡೀರಿ."