ನಮ್ಮೂರಿನದಲ್ಲದ ಸಿನಿಮಾ ಬೇಕಾಗಿದೆ

2020ರಲ್ಲಿ ಅಮೆರಿಕದ ಪೊಲೀಸನೊಬ್ಬ ಜಾರ್ಜ್ ಫ್ಲಾಯ್ಡ್‌ನ ಕತ್ತಿನ ಮೇಲೆ ಮೊಣಕಾಲೂರಿದಾಗ ಪಾಂಡವಪುರದ ನಮ್ಮ ಗೆಳೆಯರೊಬ್ಬರು ವಾಟ್ಸಾಪ್ ಡಿಪಿ ಕಪ್ಪು ಮಾಡಿಕೊಂಡಿದ್ದರು. ಗದ್ದೆಯಲ್ಲಿ ಕಬ್ಬು ಕಡಿಯುವವನ ಬೊಗಸೆಗೆ ಚೊಂಬೆತ್ತಿ ಮೇಲಿಂದ ನೀರು ಸುರಿಯುವುದನ್ನು ಮಾತ್ರ ಬಿಟ್ಟಿರಲಿಲ್ಲ. ಅಂಥ ಸಹೃದಯರೇ ಸೇರಿ, ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ನಾಲ್ಕೂ ತಾಲ್ಲೂಕಿನವರು, ಜಾತಿಯ ಬಗ್ಗೆ ಜನರ ಕಣ್ಣು ತೆರೆಸುವ ಸಿನಿಮಾ ಆರಿಸಲು ಕೂತರು. ಮುದ್ದೆ, ನಾಟಿಕೋಳಿ ಸಾರು ಇದೆಯೆಂದು ನಾನೂ ಹೋದೆ.

ಮೊದಲು ಬಂದ ಹೆಸರು ‘ಚೋಮನ ದುಡಿ’. 1975ರದ್ದು, ಬಿ.ವಿ. ಕಾರಂತರ ನಿರ್ದೇಶನ, ಸ್ವರ್ಣಕಮಲ ಬೇರೆ. ಬಡ ಚೋಮ ದುಡಿ ಬಾರಿಸುವವರೆಗೆ ಎಲ್ಲರಿಗೂ ಒಪ್ಪಿಗೆ. “ಅವನು ಕೇಳೋದಾದ್ರೂ ಏನು?” ಅಂದರು ಕೆ.ಆರ್. ಪೇಟೆಯವರು. ಬೇಸಾಯಕ್ಕೊಂದು ತುಂಡು ಭೂಮಿ, ಅಂದೆ. ನಾಲೆ ನೀರುಣ್ಣುವ ಸೀಮೆಯಲ್ಲಿ ಆಡಬಾರದ ಮಾತು. ಸ್ವಲ್ಪ ಹೊತ್ತು ಮುದ್ದೆ ನುಂಗುವ ಸದ್ದಷ್ಟೇ. ಆಮೇಲೆ ಯಾರೋ, “ಅದು ಕರಾವಳಿ ಕಡೆ ಪ್ರಾಬ್ಲಮ್ಮು ಕಣಣ್ಣ” ಎಂದು ಚೋಮನನ್ನು ಘಟ್ಟ ಇಳಿಸಿದರು.

‘ಸಂಸ್ಕಾರ’ ಅಂದಾಗ ಗೌಡರುಗಳ ಕೈ ಒಟ್ಟಿಗೇ ಮೇಲೆದ್ದವು. 1970ರ ಚಿತ್ರ, ಕಥೆ ಪೂರಾ ಅಗ್ರಹಾರದವರದ್ದು. ಅತ್ತ ಬೇರೆ ಮೇಜಿನಲ್ಲಿ ಚಿತ್ರಾನ್ನ ತಿನ್ನುತ್ತಿದ್ದ ಶಾನುಭೋಗರ ಮೊಮ್ಮಗ ಮಾತ್ರ, “ಕಪ್ಪು-ಬಿಳುಪು, ಯುವಕರು ನೋಡಲ್ಲ” ಎಂದು ತಾಂತ್ರಿಕ ಆಕ್ಷೇಪ ಎತ್ತಿದರು.

ತಮಿಳಿನ ‘ಜೈ ಭೀಮ್’ ಎಲ್ಲರೂ ನೋಡಿ ಅತ್ತಾಗಿತ್ತು. ನೋಡಿದವರೆಲ್ಲ ವಕೀಲನ ಪಾತ್ರದ ಸೂರ್ಯ ಆಗಿಯೇ ಎದ್ದು ಬಂದಿದ್ದರು. ಲಾಕಪ್ಪಿನಲ್ಲಿ ಲಾಠಿ ಹಿಡಿದವನಾಗಿ ಒಬ್ಬರೂ ಬಂದಿರಲಿಲ್ಲ.

“ನಮ್ ಮೇಲುಕೋಟೇಲಿ ರಾಮಾನುಜರು ದಲಿತರನ್ನ ಆಗಲೇ ತಿರುಕುಲದವರು ಅಂತ ಕರೆದ್ರಲ್ಲ, ಅಲ್ಲಿಗೆ ಈ ಕಡೆ ಜಾತಿ ಮುಗೀತು” ಎಂದರು ನಾಗಮಂಗಲದವರು. ಕರೆದದ್ದು ಹೌದು. ಗುಡಿಯೊಳಗೆ ಪ್ರವೇಶ ವರ್ಷಕ್ಕೆ ಮೂರು ದಿನ ಎಂಬ ಕಟ್ಟೂ ಇತ್ತು. ಉಳಿದ ದಿನಗಳ ಲೆಕ್ಕ ಕೇಳಿದರೆ, “ಅವರೇ ಬರಲ್ಲ ಕಣಯ್ಯ, ನಾವೇನು ತಡೆದಿದ್ದೀವಾ?”

ಬಂದರೆ ಏನಾಗುತ್ತದೆಂದು ಪಕ್ಕದ ಮಂಡ್ಯ ತಾಲ್ಲೂಕಿನ ಹನಕೆರೆಯಲ್ಲಿ 2024ರ ನವೆಂಬರ್‌ನಲ್ಲಿ ಕಂಡಿತು. ದಲಿತರು ಪೊಲೀಸ್ ಕಾವಲಲ್ಲಿ ಕಾಲಭೈರವೇಶ್ವರನ ಗುಡಿ ಹೊಕ್ಕರು. ಒಪ್ಪದವರು ಉತ್ಸವಮೂರ್ತಿಯನ್ನೇ ಹೊರಗೆ ಹೊತ್ತು ತಂದರು. ದೇವರನ್ನೇ ಬಹಿಷ್ಕರಿಸಿದ ಈ ದೃಶ್ಯ ಬರೆಯುವಷ್ಟು ಧೈರ್ಯದ ಚಿತ್ರಕಥೆಗಾರ ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಅದರ ಹಿಂದಿನ ತಿಂಗಳಷ್ಟೇ ಕೊಪ್ಪಳದ ನ್ಯಾಯಾಲಯ ಮರಕುಂಬಿಯ ಪ್ರಕರಣದಲ್ಲಿ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತ್ತು. 2014ರಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಬಿದ್ದ ಆ ಗಲಾಟೆ ಶುರುವಾದದ್ದು ಸಿನಿಮಾ ಟಿಕೆಟ್ಟಿನ ಜಗಳದಿಂದ. ಕಣ್ಣು ತೆರೆಸುವುದಿರಲಿ, ನಮ್ಮಲ್ಲಿ ಥಿಯೇಟರಿನ ಬಾಗಿಲು ದಾಟುವುದೇ ಒಂದು ಕಥೆ.

ಕೊನೆಗೆ ಮರಾಠಿಯ ‘ಫಂಡ್ರಿ’ ಆಯ್ಕೆಯಾಯಿತು. ಭಾಷೆ ಬರದು, ಊರು ದೂರ, ಕಥೆಯಲ್ಲಿ ಹಂದಿ ಇದೆಯೇ ಹೊರತು ನಾಲೆಯಿಲ್ಲ, ಕಬ್ಬಿನ ಗದ್ದೆಯಿಲ್ಲ, ಗೌಡರಂತೂ ಇಲ್ಲವೇ ಇಲ್ಲ. ಗುಡಿ ಮುಂದಿನ ಬಯಲಲ್ಲಿ ಬಿಳಿ ಬಟ್ಟೆ ಕಟ್ಟಿದರು. ಅದನ್ನು ಕಟ್ಟಿದ ದಲಿತ ಕಾಲೋನಿಯ ಹುಡುಗರು ಪರದೆಯ ಹಿಂದೆ ಕೂತರು. ಅಡಿಬರಹ ತಿರುಗುಮುರುಗಾಗಿ ಕಂಡರೂ ಎಲ್ಲರಿಗಿಂತ ಮೊದಲು ನಕ್ಕರು, ಎಲ್ಲರಿಗಿಂತ ಮೊದಲು ಸುಮ್ಮನಾದರು. ಆ ಚಿತ್ರದ ಕೊನೆಯಲ್ಲಿ ಹುಡುಗ ಎಸೆದ ಕಲ್ಲು ನೇರ ನೋಡುವವರ ಮುಖಕ್ಕೇ ಬರುತ್ತದೆ. ಸರಿಯಾಗಿ ಆ ಹೊತ್ತಿಗೆ ಅಧ್ಯಕ್ಷರು ವಂದನಾರ್ಪಣೆಗೆಂದು ಎದ್ದು, ಪರದೆಗೆ ಬೆನ್ನು ಹಾಕಿ ಮೈಕ್ ಹಿಡಿದರು. ಕಲ್ಲು ಅವರ ಇಸ್ತ್ರಿ ಹಾಕಿದ ಬಿಳಿ ಅಂಗಿಯ ಬೆನ್ನ ಮೇಲೆ ಬಿತ್ತು. ಬೆಳಕಿನ ಕಲ್ಲು. “ಎಲ್ಲರೂ ಊಟ ಮಾಡ್ಕೊಂಡು ಹೋಗಬೇಕು” ಎಂದರು, “ಕಾಲೋನಿಯವರಿಗೆ ಆ ಕಡೆ ವ್ಯವಸ್ಥೆ ಮಾಡಿದೆ.”