ತಾಂಬೂಲದ ಚೀಲದಲ್ಲಿ ಕಾಶಿಯಾತ್ರೆ

ಹೊರಲಾರದಷ್ಟು ಸಾಮಾನು ಹೊತ್ತುಕೊಂಡು ನಮ್ಮ ಸೀಮೆಗೆ ಬಂದು ಪೇಚಾಡಿದವರಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಸಾಹೇಬರದು ದೊಡ್ಡ ಹೆಸರು. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಹಿಡಿಯುತ್ತೇನೆಂದು ಬೆಂಗಳೂರಿನಿಂದ ಹೊರಟರು. ಅರಕೆರೆ ಹತ್ತಿರ ಟಿಪ್ಪುವಿನ ದಂಡಿನ ಜತೆ ಕಾದಾಡಿದರು. ಕನ್ನಂಬಾಡಿ ಕಡೆ ಬರುವಷ್ಟರಲ್ಲಿ ಮಳೆ ಹಿಡಿಯಿತು, ಮೇವಿಲ್ಲದೆ ಎತ್ತುಗಳು ಸಾಲುಸಾಲಾಗಿ ಸತ್ತವು, ಸಿಪಾಯಿಗಳಿಗೆ ಅಕ್ಕಿ ಮುಗಿಯಿತು. ಕೋಟೆ ಒಡೆಯಲೆಂದು ಅಷ್ಟು ದೂರದಿಂದ ಎಳೆಸಿಕೊಂಡು ಬಂದಿದ್ದ ಭಾರಿ ಫಿರಂಗಿಗಳನ್ನು ತಮ್ಮ ಕೈಯಾರೆ ಒಡೆದು ಹಾಳುಮಾಡಿ, ಬಂದ ದಾರಿಗೆ ಸುಂಕವಿಲ್ಲವೆಂದು ಮೇ 26ರಂದು ಹಿಂದಿರುಗಿದರು. ತಮಾಷೆಯೆಂದರೆ, ಅವರು ಹಿಂದಕ್ಕೆ ತಿರುಗಿದ ಮೇಲೆಯೇ ಮೇಲುಕೋಟೆ ಹತ್ತಿರ ಮರಾಠರ ದಂಡು ಎದುರಾದದ್ದು. ಆ ದಂಡಿನ ಬೆನ್ನಿಗೆ ಒಂದು ಸಂತೆಯೇ ಬಂದಿತ್ತು. ಅದರಲ್ಲಿ ಇಂಗ್ಲೆಂಡಿನ ಬಟ್ಟೆಯಿಂದ ಕಾಶ್ಮೀರದ ಶಾಲಿನವರೆಗೆ ಎಲ್ಲವೂ ಮಾರಾಟಕ್ಕಿತ್ತು.

ಕಾಶಿಗೆ ಹೊರಡಲು ಪೆಟ್ಟಿಗೆ ತುಂಬುತ್ತಿದ್ದ ಹೆಂಡತಿಗೆ ಈ ಕಥೆಯನ್ನು ವಿವರವಾಗಿ ಹೇಳಿದೆ. ಸೀರೆ ಮಡಿಸುತ್ತಲೇ ಕೇಳಿಸಿಕೊಂಡಳು.

"ಪಾಪ, ಅವ್ರ ಎತ್ತು ಸತ್ತೋದ್ವು. ನಮಗೆ ನೀವಿದೀರಲ್ಲ," ಅಂದಳು.

ಪಾಂಡವಪುರದ ನಮ್ಮ ಬೀದಿಗೆ ಈ ಕಾಶಿ ಜ್ವರ ಬಂದದ್ದು 2022ರ ನವೆಂಬರಿನಿಂದ ಈಚೆಗೆ. ಆಗ ಸರ್ಕಾರದ ಕಾಶಿ ದರ್ಶನ ರೈಲು ಹೊರಟಿತು. ಎಂಟು ದಿನದಲ್ಲಿ ಕಾಶಿ, ಅಯೋಧ್ಯೆ, ಪ್ರಯಾಗ ತೋರಿಸಿಕೊಂಡು ಬರುತ್ತಾರೆ, ತಲೆಗೆ 5,000 ರೂಪಾಯಿ ಸಹಾಯಧನವನ್ನೂ ಆಗ ಕೊಡುತ್ತಿದ್ದರು ಎಂದ ಮೇಲೆ ಯಾರು ಬಿಡುತ್ತಾರೆ? ಹೋಗಿ ಬಂದವರು ಹೋಗದವರ ಮನೆಗೆ ಬಂದು ಕೂತು, ಮೊಬೈಲಿನಲ್ಲಿ ಒಂದೊಂದೇ ಫೋಟೊ ಸರಿಸುತ್ತಾ ಪುಣ್ಯ ಹಂಚತೊಡಗಿದರು. ನನ್ನ ಹೆಂಡತಿ ಆ ಫೋಟೊಗಳಲ್ಲಿ ದೇವರನ್ನು ನೋಡಿದಳೋ ಇಲ್ಲವೋ, ಸೀರೆಗಳನ್ನಂತೂ ಚೆನ್ನಾಗಿ ನೋಡಿಟ್ಟುಕೊಂಡಿದ್ದಳು.

"ವಿಶ್ವನಾಥನ ಮುಂದೆ ಉಟ್ಟಿದ್ದೇ ಸೀರೆನ ರಾಮನ ಮುಂದೂ ಉಟ್ಕಂಡ್ರೆ ಒಂದೇ ದಿನದಲ್ಲಿ ಎರಡೂ ಮುಗಿಸ್ಬುಟ್ರು ಅಂತಾರೆ ಜನ."

ಹೀಗಾಗಿ ಊರಿಗೊಂದು, ಗಂಗಾ ಆರತಿಗೊಂದು, ದೋಣಿಗೊಂದು, ರೈಲಿನಲ್ಲಿ ಮಲಗಲು ಬೇರೆ, ರೈಲಿನಿಂದ ಇಳಿಯಲು ಬೇರೆ. ಮೂರು ಟೈರ್ ಎಸಿಯಲ್ಲಿ ಒಬ್ಬರಿಗೆ 40 ಕೆಜಿ ಸಾಮಾನು ಬಿಟ್ಟಿ ಎಂದು ಮಗ ಬೇರೆ ಓದಿ ಹೇಳಿದ್ದ. ನಮ್ಮ ಮನೆಯಲ್ಲಿ ಅದನ್ನು ಮಿತಿ ಎಂದು ಯಾರೂ ತಿಳಿಯಲಿಲ್ಲ. ರೇಷನ್ ಅಂಗಡಿಯಲ್ಲಿ ನಮ್ಮ ಪಾಲಿನ ಅಕ್ಕಿ ಬಿಟ್ಟು ಬರುತ್ತೇವೆಯೇ?

ಮೇಲುಕೋಟೆ ಇರುವ ತಾಲ್ಲೂಕಿನಲ್ಲಿ ಬಟ್ಟೆಬರೆಯ ಬಗ್ಗೆ ವಾದ ಮಾಡಬಾರದು. "ಚೆಲುವರಾಯಸ್ವಾಮಿಗೇ ಮೂರು ಕಿರೀಟ ಐತೆ," ಅಂದಳು. ಮಾತು ಸುಳ್ಳಲ್ಲ. ವೈರಮುಡಿ, ರಾಜಮುಡಿ, ಕೃಷ್ಣರಾಜಮುಡಿ. ಆದರೆ ಸ್ವಾಮಿ ವೈರಮುಡಿಯನ್ನು ಹತ್ತಿರ ಇಟ್ಟುಕೊಳ್ಳುವುದಿಲ್ಲ. ವರ್ಷವೆಲ್ಲ ಅದು ಮಂಡ್ಯದ ಖಜಾನೆಯಲ್ಲಿ ಇರುತ್ತದೆ. ಉತ್ಸವದ ದಿನ ಪೊಲೀಸ್ ಕಾವಲಿನಲ್ಲಿ, ದಾರಿಯ ಹಳ್ಳಿಗಳಲ್ಲೆಲ್ಲ ಪೂಜೆ ಮಾಡಿಸಿಕೊಂಡು ಬಂದು, ರಾತ್ರಿ ಮುಡಿಗೇರಿ, ಮತ್ತೆ ವಾಪಸ್ಸು ಹೋಗುತ್ತದೆ. ಬೇಕಾದಾಗ ತರಿಸಿಕೊಳ್ಳುವುದು ದೊಡ್ಡವರ ಲಕ್ಷಣ ಎಂದೆ.

"ಸರಿ. ನನ್ನ ರೇಷ್ಮೆ ಸೀರೆನೂ ಪೊಲೀಸ್ ಜೀಪಲ್ಲಿ ಕಾಶಿಗೆ ಕಳ್ಸಕ್ಕೆ ಹೇಳಿ, ನಾನು ಬರೀ ಕೈಲಿ ಬತ್ತೀನಿ."

ಈ ಘಟ್ಟದಲ್ಲಿ ದೊಡ್ಡಪ್ಪ ಬಂದ. ಕಿಕ್ಕೇರಿ ಕಡೆಯ ಹಳ್ಳಿಯವನು, ನಮ್ಮ ಜತೆಯೇ ಕಾಶಿಗೆ ಬರುವವನು. ಕೆ.ಆರ್. ಪೇಟೆ ಬಸ್ಸಿನಿಂದ ಇಳಿದು ಬಂದವನ ಕೈಯಲ್ಲಿ ಒಂದು ತಾಂಬೂಲದ ಚೀಲವಿತ್ತು. ಮದುವೆ ಮನೆಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ ಹಾಕಿ ಕೊಡುತ್ತಾರಲ್ಲ, ಅದೇ ಹಳದಿ ಬಟ್ಟೆಯ ಚೀಲ. ಒಗೆದೂ ಒಗೆದೂ ವರನ ಹೆಸರು ಅಳಿಸಿಹೋಗಿತ್ತು, ವಧುವಿನದು ಅರ್ಧ ಉಳಿದಿತ್ತು.

"ಬಟ್ಟೆ ಎಲ್ಲಿ ದೊಡ್ಡಪ್ಪಾ?"

"ಮೈಮೇಲವೆ ಕಣ್ಲಾ."

ಚೀಲದೊಳಗೆ ಇದ್ದದ್ದು ಮೇಲುಕೋಟೆ ಮಗ್ಗದ ನಾಲ್ಕು ಮೊಳದ ಪಂಚೆ ಒಂದು, ಬನಿಯನ್ ಒಂದು, ಪಟಾಪಟಿ ಚಡ್ಡಿ ಒಂದು, ಹಲ್ಲುಪುಡಿ. ಹೆಗಲ ಮೇಲೆ ಹಸಿರು ಟವೆಲ್.

ಈ ಟವೆಲ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಬಸ್ ನಿಲ್ದಾಣಕ್ಕೆ ಬರುವ ಮೊದಲೇ ಕಿಟಕಿಯಿಂದ ಒಳಕ್ಕೆ ಬಿದ್ದು ಸೀಟು ಹಿಡಿಯುವುದು ಇದೇ. ಹತ್ತಿದ ಮೇಲೆ ಬೆವರು ಒರೆಸುತ್ತದೆ, ಬಿಸಿಲಿಗೆ ರುಮಾಲಾಗುತ್ತದೆ, ಮಡಿಸಿದರೆ ತಲೆದಿಂಬು, ಸುತ್ತಿದರೆ ಸಿಂಬಿ. ಸಂತೆಯಲ್ಲಿ ಅವರೆಕಾಯಿ ಅಗ್ಗವಾಗಿ ಕಂಡರೆ ನಾಲ್ಕು ಮೂಲೆ ಸೇರಿಸಿ ಗಂಟು ಹಾಕಿದರೆ ಅದೇ ಚೀಲ. ರೈತಸಂಘದ ಕೆ.ಎಸ್. ಪುಟ್ಟಣ್ಣಯ್ಯನವರು ಹಸಿರನ್ನು ಹೆಗಲಿಗೆ ಹಾಕಿಕೊಂಡೇ ವಿಧಾನಸಭೆಗೂ ಹೋದವರು. ಅಂದಿನಿಂದ ನಮ್ಮ ಕಡೆ ಅದಕ್ಕೆ ಇನ್ನೂ ಒಂದು ಕೆಲಸ ಸೇರಿಕೊಂಡಿದೆ. ಯಾವ ಕಚೇರಿಗೆ ಹೋದರೂ "ಕೂತ್ಕೊಳಿ ಗೌಡ್ರೆ" ಅನ್ನುತ್ತಾರೆ. ನಾನು ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ಹೋದರೆ ನಾಳೆ ಬನ್ನಿ ಅನ್ನುತ್ತಾರೆ.

ಪಟಾಪಟಿ ಚಡ್ಡಿಯೂ ಸಾಮಾನ್ಯದ್ದಲ್ಲ. ಪಟ್ಟೆಪಟ್ಟೆಯ ಹತ್ತಿ ಬಟ್ಟೆ, ಲಾಡಿ, ಪಕ್ಕಕ್ಕೊಂದು ಜೇಬು. ಗದ್ದೆಯಲ್ಲಿ ಅದೇ ಸಮವಸ್ತ್ರ, ರಾತ್ರಿ ಅದೇ ಮಲಗುವ ಉಡುಪು, ಶ್ರೀರಂಗಪಟ್ಟಣದ ಸಂಗಮದಲ್ಲಿ ಅದೇ ಈಜುಡುಗೆ. ಜೇಬಿನಲ್ಲಿ ದುಡ್ಡಿಟ್ಟು ಮೇಲೆ ಪಂಚೆ ಉಟ್ಟರೆ ಉತ್ತರ ಪ್ರದೇಶದ ಯಾವ ಜೇಬುಗಳ್ಳನ ಕೈಯೂ ಅಲ್ಲಿಗೆ ಹೋಗುವುದಿಲ್ಲ. ಹೊಲಿದ ಬಟ್ಟೆಗಳಲ್ಲಿ ಇದೊಂದು ಮಾತ್ರ ಹಲವು ಕೆಲಸ ಕಲಿತಿದೆ. ಉಳಿದವೆಲ್ಲ ಒಂದೇ ಕೆಲಸದವು. ಪ್ಯಾಂಟು ಎಷ್ಟು ಹೊತ್ತಾದರೂ ಪ್ಯಾಂಟೇ. ಹಾಸಲು ಬರುವುದಿಲ್ಲ, ಹೊದೆಯಲು ಬರುವುದಿಲ್ಲ, ಸೊಂಟ ಒಂದು ಇಂಚು ಹಿಗ್ಗಿದರೆ ಉಡಲೂ ಬರುವುದಿಲ್ಲ. ಕತ್ತರಿ ತಾಗದ ಬಟ್ಟೆಗೆ ಈ ಬಿಗುಮಾನ ಇಲ್ಲ.

ರಾಮಾನುಜಾಚಾರ್ಯರು ನಮ್ಮ ಸೀಮೆಗೆ ಬಂದದ್ದೂ ಈ ಗುಣದಿಂದಲೇ. ಗುರುಪರಂಪರೆಯ ಕಥೆ ಹೀಗಿದೆ: ಚೋಳರಾಜ ಹೇಳಿಕಳಿಸಿದಾಗ ಶಿಷ್ಯ ಕೂರೇಶರು ಗುರುಗಳ ಕಾವಿಯುಟ್ಟು ಆಸ್ಥಾನಕ್ಕೆ ಹೋದರು, ಗುರುಗಳು ಬಿಳಿ ಬಟ್ಟೆಯುಟ್ಟು ಶ್ರೀರಂಗ ಬಿಟ್ಟು ಈ ಕಡೆ ನಡೆದರು. ತೊಣ್ಣೂರಿನಲ್ಲಿದ್ದರು, ಮೇಲುಕೋಟೆಯಲ್ಲಿ ನೆಲೆಸಿದರು. ಪ್ರಾಣ ಹೋಗುವ ಹೊತ್ತಿನಲ್ಲಿ ಇಬ್ಬರೂ ಬಟ್ಟೆ ಬದಲಿಸಿಕೊಂಡಾಗ ತೋಳು ಉದ್ದವಾಯಿತು, ಕತ್ತು ಬಿಗಿಯಾಯಿತು ಎಂಬ ಮಾತೇ ಏಳಲಿಲ್ಲ. ಅವರಿಬ್ಬರೂ ಪ್ಯಾಂಟು ಷರ್ಟು ಹಾಕುವವರಾಗಿದ್ದರೆ ವಿಶಿಷ್ಟಾದ್ವೈತದ ಗತಿ ಏನಾಗುತ್ತಿತ್ತೋ!

"ನಿನ್ನಷ್ಟು ಕಮ್ಮಿ ಸಾಮಾನು ನಾನು ಯಾರ ಹತ್ರನೂ ಕಂಡಿಲ್ಲ ದೊಡ್ಡಪ್ಪಾ," ಎಂದು ಹೊಗಳಿದೆ. ಅವನು ಒಪ್ಪಲಿಲ್ಲ. 2018ರಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಹೋಗಿದ್ದನಂತೆ. ಅಲ್ಲಿ ಉತ್ತರದಿಂದ ನಡೆದೇ ಬಂದಿದ್ದ ದಿಗಂಬರ ಮುನಿಗಳನ್ನು ಕಂಡನಂತೆ. ಕೈಯಲ್ಲಿ ನವಿಲುಗರಿಯ ಪಿಂಛಿ, ಒಂದು ಕಮಂಡಲು. ಅಷ್ಟೇ.

"ಅವತ್ತು ನನ್ನ ಚೀಲ ನೋಡ್ಕಂಡು ನಂಗೇ ನಾಚ್ಕೆ ಆಯ್ತು. ಬನೀನು ಬೇಕಿರ್ನಿಲ್ಲ ಅನ್ನುಸ್ತು," ಅಂದ.

ರೈಲಿನ ವಿಚಾರ ಹೆಚ್ಚು ಹೇಳುವುದಿಲ್ಲ. ಕೆಳಗಿನ ಬರ್ತುಗಳ ಅಡಿಯೆಲ್ಲ ನಮ್ಮದೇ ಪೆಟ್ಟಿಗೆಗಳು. ಎದುರು ಕೂತವರು ಕಾಲು ಮಡಚಿಕೊಂಡೇ ಕಾಶಿ ಕಂಡರು. ನೋಡಬೇಕಾಗಿದ್ದದ್ದು ಗಂಗೆಯ ಘಾಟಿನಲ್ಲಿ. ದೊಡ್ಡಪ್ಪ ಪಟಾಪಟಿಯಲ್ಲೇ ಮೂರು ಮುಳುಗು ಹಾಕಿ ಎದ್ದ. ಹಸಿರು ಟವೆಲ್ ಸುತ್ತಿಕೊಂಡು ಉಟ್ಟುಬಂದಿದ್ದ ಪಂಚೆಯನ್ನು ಹಿಂಡಿ ಕೊಡವಿದ. ಒಂದು ಅಂಚಿನ ಎರಡು ಮೂಲೆ ತಾನು ಹಿಡಿದ, ಇನ್ನೊಂದು ಅಂಚನ್ನು ಪಕ್ಕದಲ್ಲಿ ನಿಂತಿದ್ದ ಯಾರೋ ಬಂಗಾಳಿ ಯಜಮಾನರ ಕೈಗೆ ಕೊಟ್ಟು, "ಗಾಳಿ ಕಡೆ ತಿರುಕ್ಕಳಿ" ಅಂದ. ಅವರಿಗೆ ಕನ್ನಡ ಬಾರದು, ಇವನಿಗೆ ಕನ್ನಡ ಬಿಟ್ಟು ಬೇರೇನೂ ಬಾರದು. ಆದರೂ ಅವರು ಗಾಳಿಯ ಕಡೆಗೇ ತಿರುಗಿದರು. ಪಂಚೆ ಹಾಯಿಪಟದ ಹಾಗೆ ಉಬ್ಬಿತು. ಇವನು ಮಳೆ ಬೆಳೆ ವಿಚಾರಿಸಿದ, ಅವರು ಅವರ ಭಾಷೆಯಲ್ಲಿ ಏನೋ ಹೇಳಿದರು, ಇಬ್ಬರೂ ತಲೆಯಾಡಿಸಿದರು. ನನ್ನ ಹೆಂಡತಿ ಆರತಿ ಸೀರೆಯ ಪಿನ್ನು ಹುಡುಕಿ ಮುಗಿಸುವುದರೊಳಗೆ ಪಂಚೆ ಒಣಗಿತ್ತು, ದೊಡ್ಡಪ್ಪ ಅದನ್ನುಟ್ಟು ವಿಭೂತಿ ಹಚ್ಚಿಕೊಂಡು ಮದುಮಗನಾಗಿ ನಿಂತಿದ್ದ. ಆಮೇಲೆ ಅವರ ಪಂಚೆಗೆ ಇವನು ಅಂಚು ಹಿಡಿದ. ಸಾಲ ಉಳಿಸಿಕೊಳ್ಳುವವನಲ್ಲ.

ಕಾಶಿಗೆ ಹೋದವರು ಇಷ್ಟವಾದದ್ದೊಂದನ್ನು ಬಿಟ್ಟು ಬರಬೇಕೆಂದು ನಮ್ಮಲ್ಲಿ ರೂಢಿ. ನನ್ನ ಹೆಂಡತಿ ಯೋಚನೆ ಮಾಡಿ ಹಾಗಲಕಾಯಿ ಬಿಟ್ಟಳು. ಮದುವೆಯಾದಾಗಿನಿಂದ ಅವಳು ಅದನ್ನು ಬಾಯಿಗೆ ಹಾಕಿದ್ದನ್ನು ನಾನು ನೋಡಿಲ್ಲ. ನೀನೇನು ಬಿಟ್ಟೆ ಎಂದು ದೊಡ್ಡಪ್ಪನನ್ನು ಕೇಳಿದೆ.

"ಬೀಡಿ ಬುಟ್ಟೆ. ಇನ್ನೇನ್ಲಾ ಬುಡ್ಲಿ, ಪಂಚೆ ಬುಟ್ರೆ ಊರ್ಗೆ ಹೆಂಗ್ ಬರ್ಲಿ?"

ಹಾಗಲಕಾಯಿ ಬಿಟ್ಟ ಜಾಗಕ್ಕೆ ಬನಾರಸ್ ಸೀರೆಗಳು ಬಂದವು. ನಾದಿನಿಗೆ, ಅಕ್ಕನಿಗೆ, ಎದುರು ಮನೆಯವರಿಗೆ ಗಂಗಾಜಲದ ತಂಬಿಗೆಗಳು ಬಂದವು. ಹೊರಡುವ ರಾತ್ರಿ ಪೆಟ್ಟಿಗೆಯ ಮೇಲೆ ನಾನು ಕೂತೆ, ಮುಚ್ಚಲಿಲ್ಲ. ಹೆಂಡತಿಯೂ ಕೂತಳು, ಆಗಲೂ ಮುಚ್ಚಲಿಲ್ಲ. ಅವಳ ಕಣ್ಣು ನಿಧಾನವಾಗಿ ತಾಂಬೂಲದ ಚೀಲದ ಕಡೆ ಹೊರಳಿತು.

"ಮಾವಾ, ನಿಮ್ಮ ಚೀಲದಲ್ಲಿ ವಸಿ ಜಾಗ ಐತಾ?"

"ಅದ್ಕೇನವ್ವ, ಮಡಗು."

ಎರಡು ಬನಾರಸ್ ಸೀರೆ, ನಾಲ್ಕು ಮೊಹರು ಹಾಕಿದ ತಂಬಿಗೆ ಅದರೊಳಗೆ ಇಳಿದವು. ಜಾಗ ಮಾಡಲು ಹೊರಗೆ ತೆಗೆದ ಪಂಚೆಯನ್ನು ದೊಡ್ಡಪ್ಪ ಉಟ್ಟಿದ್ದ ಪಂಚೆಯ ಮೇಲೇ ಉಟ್ಟುಕೊಂಡ, ಬನಿಯನ್ ಮೇಲೆ ಇನ್ನೊಂದು ಬನಿಯನ್ ಹಾಕಿಕೊಂಡ.

"ಒಳ್ಳೇದೇ ಆಯ್ತು ಬುಡವ್ವ," ಅಂದ. "ಆ ಎಸಿ ಬೋಗಿನಲ್ಲಿ ರಾತ್ರಿ ವೊತ್ತು ಬಲೇ ಚಳಿ."